ಎತ್ತರದ ಕಾರಿನ ಲಾಭ-ನಷ್ಟ

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹತ್ತನೆಯ ತರಗತಿಯಲ್ಲಿ ಭೌತಶಾಸ್ತ್ರದ ಪಾಠ ನಡೆಯುವಾಗಲೆಲ್ಲ ಕಿಟಕಿಯಾಚೆ ಬಸ್ಸು ನೋಡುತ್ತ ಕುಳಿತಿರುತ್ತಿದ್ದವನು. ಈಗ ಬ್ಯಾಂಕೊಂದರಲ್ಲಿ ಅಧಿಕಾರಿ. "ಸಾರ್, ನಿಮ್ಮ ಹತ್ತಿರ ಎತ್ತರದ ಕಾರು ಇದೆಯಲ್ಲ, ಕಾಂಪ್ಯಾಕ್ಟ್ ಎಸ್‌ಯುವಿ. ನಾನೂ ಅಂಥದ್ದೊಂದನ್ನು ಕೊಳ್ಳಬೇಕೆಂದಿದ್ದೇನೆ. ಒಳ್ಳೆಯದೋ ಕೆಟ್ಟದ್ದೋ, ಒಂದು ಮಾತಿನಲ್ಲಿ ಹೇಳಿಬಿಡಿ" ಎಂದ. ಇದು ಒಂದು ಅಂಕದ ಪ್ರಶ್ನೆಯಲ್ಲಪ್ಪಾ, ಬರೆದು ಕಳಿಸುತ್ತೇನೆ ಎಂದೆ. ಬರೆಯುತ್ತ ಹೋದಂತೆ ಅದು ಅವನೊಬ್ಬನಿಗೆ ಮಾತ್ರ ಕಳಿಸುವ ಕಾಗದವಾಗಿ ಉಳಿಯಲಿಲ್ಲ. ಆದ್ದರಿಂದ ಇಲ್ಲಿ ಹಾಕುತ್ತಿದ್ದೇನೆ.

ಮೊದಲಿಗೇ ಒಂದು ಮಾತು. ನನ್ನ ಕಾರಿನ ಹೆಸರನ್ನಾಗಲಿ ಅದನ್ನು ತಯಾರಿಸಿದವರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ನಾನು ಹೇಳಹೊರಟಿರುವುದು ಒಂದು ಕಂಪನಿಯ ಗುಣದೋಷಗಳಲ್ಲ, ಆ ಇಡೀ ಜಾತಿಯ ವಾಹನಗಳ ಗುಣದೋಷಗಳು. ಬೇರೆ ಕಾರುಗಳ ಹೆಸರು ಬಂದಲ್ಲಿ ಅವು ಪತ್ರಿಕೆಗಳಲ್ಲಿ ಪ್ರಕಟವಾಗಿ ಎಲ್ಲರಿಗೂ ತಿಳಿದ ಸಂಗತಿಗಳಿಗಾಗಿ ಮಾತ್ರ.

1999ರಲ್ಲಿ ನಾನು ಸಾಲ ಮಾಡಿ ಒಂದು ಮಾರುತಿ 800 ಕೊಂಡೆ. ಇಪ್ಪತ್ತೆರಡು ವರ್ಷ ಅದು ನಮ್ಮನ್ನು ಹೊತ್ತಿತು. ಮಗಳ ಮದುವೆಯ ಅಕ್ಕಿ ಮೂಟೆಗಳನ್ನೂ, ತಂದೆಯವರನ್ನು ಕೊನೆಯ ಬಾರಿ ಆಸ್ಪತ್ರೆಗೂ ಅದೇ ಸಾಗಿಸಿತ್ತು. ಅದನ್ನು ಮಾರಲು ಕಾರಣ ಕಾರಿನ ಮುದಿತನವಲ್ಲ, ನನ್ನ ಹೆಂಡತಿಯ ಮಂಡಿಗಳು. ತಗ್ಗಿನ ಆಸನಕ್ಕೆ ಕುಸಿದು ಕೂರುವುದು ಹೇಗೋ ಆಗುತ್ತಿತ್ತು. ಏಳುವುದು ಮಾತ್ರ ಒಂದು ಪ್ರಯಾಸ. ಬಾಗಿಲಿನ ಕಂಬ ಹಿಡಿದು, ಒಂದು ಕಾಲು ಹೊರಗಿಟ್ಟು, ನನ್ನ ಕೈ ಆಸರೆ ಪಡೆದು ಎದ್ದು ನಿಂತ ಮೇಲೆ ಅರ್ಧ ನಿಮಿಷ ಅಲ್ಲೇ ನಿಲ್ಲುತ್ತಿದ್ದಳು. ನೋವಿನ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಕ್ರಮೇಣ "ನೀವು ಹೋಗಿ ಬನ್ನಿ, ನನಗೆ ಮನೆಯಲ್ಲಿ ಕೆಲಸವಿದೆ" ಎನ್ನತೊಡಗಿದಳು. ಅದು ಕೆಲಸವಲ್ಲ, ಮಂಡಿ ಎಂದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು. ಅಧ್ಯಾಪಕರಿಗೆ ತರಗತಿಯ ಅರವತ್ತು ಮಕ್ಕಳ ಮುಖ ಓದಲು ಬರುತ್ತದೆ, ಮನೆಯಲ್ಲಿರುವ ಒಂದು ಮುಖ ಓದಲು ಬರುವುದಿಲ್ಲ.

ಹೀಗಾಗಿ 2021ರಲ್ಲಿ, ಬೆಂಗಳೂರಿನಲ್ಲಿರುವ ಮಗನ ಒತ್ತಾಯವೂ ಸೇರಿ, ಶಿವಮೊಗ್ಗದ ನಮ್ಮ ಮನೆಯ ಮುಂದೆ ಎತ್ತರದ ಕಾರೊಂದು ಬಂದು ನಿಂತಿತು.

ಈ ಕಾರುಗಳು ಎಲ್ಲಿಂದ ಬಂದವು ಎಂಬುದನ್ನು ತಿಳಿಯದೆ ಅವುಗಳ ಗುಣದೋಷ ಅರ್ಥವಾಗದು. 2006ರ ಫೆಬ್ರವರಿ 28ರಂದು ಅರ್ಥಸಚಿವ ಪಿ. ಚಿದಂಬರಂ ಮಂಡಿಸಿದ ಆಯವ್ಯಯದಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇಕಡ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಯಾವುದು? ಉದ್ದ ನಾಲ್ಕು ಮೀಟರು ಮೀರಬಾರದು. ಪೆಟ್ರೋಲ್ ಇಂಜಿನ್ನಾದರೆ 1200 ಸಿ.ಸಿ., ಡೀಸೆಲ್ಲಾದರೆ 1500 ಸಿ.ಸಿ. ದಾಟಬಾರದು. ಗಮನಿಸಿ, ಉದ್ದಕ್ಕೆ ಮಿತಿ ಹಾಕಿದರು, ಎತ್ತರಕ್ಕೆ ಹಾಕಲಿಲ್ಲ. ಉದ್ದಕ್ಕೆ ಬೆಳೆಯಲಾರದ ಕಾರು ಮೇಲಕ್ಕೆ ಬೆಳೆಯಿತು. ಮರಗಳ ನೆರಳಿನಲ್ಲಿ ಬೆಳೆದ ಸಸಿ ಸಪೂರವಾಗಿ ಮೇಲೇರುವುದನ್ನು ಮಲೆನಾಡಿನವರಾದ ನಾವು ಕಂಡಿದ್ದೇವೆಯಷ್ಟೆ, ಇದೂ ಹಾಗೆಯೇ.

ಮೊದಮೊದಲ ಪ್ರಯತ್ನಗಳು ನೋಡಲು ವಿಚಿತ್ರವಾಗಿದ್ದವು. 2008ರಲ್ಲಿ ಟಾಟಾ ಇಂಡಿಗೊ ಕಾರಿನ ಬಾಲ ಕತ್ತರಿಸಿ ಇಂಡಿಗೊ ಸಿ.ಎಸ್. ಮಾಡಿದರು, 2012ರಲ್ಲಿ ಮಹೀಂದ್ರಾದವರು ಕ್ಸೈಲೋವನ್ನು ಹಿಂದಿನಿಂದ ಕತ್ತರಿಸಿ ಕ್ವಾಂಟೋ ಮಾಡಿದರು. ಜನರ ಮನಸ್ಸನ್ನು ನಿಜವಾಗಿ ಗೆದ್ದದ್ದು 2013ರ ಜೂನಿನಲ್ಲಿ ಬಂದ ಫೋರ್ಡ್ ಇಕೋಸ್ಪೋರ್ಟ್. ಅದರ ಉದ್ದ 3999 ಮಿಲಿಮೀಟರು! ಮಿತಿಗೆ ಒಂದು ಮಿಲಿಮೀಟರು ಮಾತ್ರ ಕಡಮೆ. ಪರೀಕ್ಷೆಯಲ್ಲಿ ಮೂವತ್ತೈದಕ್ಕೆ ಸರಿಯಾಗಿ ಮೂವತ್ತೈದು ತೆಗೆದು ತೇರ್ಗಡೆಯಾಗುವ ಹುಡುಗರನ್ನು ನೆನಪಿಸುವ ಅಂಕಿ. 2016ರಲ್ಲಿ ಮಾರುತಿಯ ವಿಟಾರಾ ಬ್ರೆಜಾ, 2017ರಲ್ಲಿ ಟಾಟಾ ನೆಕ್ಸಾನ್, 2019ರಲ್ಲಿ ಹ್ಯುಂಡೈ ವೆನ್ಯೂ ಬಂದವು. ಆಮೇಲೆ ಪ್ರವಾಹ. ಮಾರ್ಗ ತೋರಿಸಿದ ಫೋರ್ಡ್ ಮಾತ್ರ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು.

ಇನ್ನೂ ಒಂದು ತಮಾಷೆ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಹೆಚ್ಚಿನ ತೆರಿಗೆಗಾಗಿ ಎಸ್‌ಯುವಿ ಎಂದರೇನೆಂದು ನಿರೂಪಣೆ ಕೊಟ್ಟರು: ಉದ್ದ ನಾಲ್ಕು ಮೀಟರಿಗಿಂತ ಹೆಚ್ಚು, ಇಂಜಿನ್ನು 1500 ಸಿ.ಸಿ.ಗಿಂತ ಹೆಚ್ಚು, ನೆಲದಿಂದ ತಳಭಾಗದ ಅಂತರ 170 ಮಿಲಿಮೀಟರು ಅಥವಾ ಹೆಚ್ಚು. ಈ ನಿರೂಪಣೆಯಂತೆ ನಮ್ಮ ಕಾಂಪ್ಯಾಕ್ಟ್ ಎಸ್‌ಯುವಿ ಎಸ್‌ಯುವಿಯೇ ಅಲ್ಲ. ಮಾರುವವರು ಎಸ್‌ಯುವಿ ಎನ್ನುತ್ತಾರೆ, ತೆರಿಗೆ ಇಲಾಖೆ ಸಣ್ಣ ಕಾರು ಎನ್ನುತ್ತದೆ. ಇಬ್ಬರಲ್ಲಿ ಹೆಚ್ಚು ಸತ್ಯ ಹೇಳುತ್ತಿರುವುದು ತೆರಿಗೆ ಇಲಾಖೆಯೇ ಎಂದು ನಾಲ್ಕು ವರ್ಷ ಓಡಿಸಿದ ಮೇಲೆ ನನಗೆ ಅನಿಸಿದೆ.

ಇನ್ನು ಲಾಭಗಳಿಗೆ ಬರೋಣ. ಮೊದಲನೆಯದು ಮತ್ತು ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡದು ಆಸನದ ಎತ್ತರ. ಹೆಂಡತಿ ಬಾಗಿಲು ತೆರೆದು ಬೆನ್ನು ತಿರುಗಿಸಿ ನಿಂತರೆ ಆಸನ ಅವಳ ಸೊಂಟದ ಮಟ್ಟಕ್ಕೆ ಬರುತ್ತದೆ. ಇಳಿಯಬೇಕಾಗಿಯೂ ಇಲ್ಲ, ಹತ್ತಬೇಕಾಗಿಯೂ ಇಲ್ಲ, ಸುಮ್ಮನೆ ಕುಳಿತುಕೊಂಡು ಕಾಲುಗಳನ್ನು ಒಳಗೆಳೆದುಕೊಳ್ಳುವುದು. ಕಾರು ಬಂದ ಮೊದಲ ವಾರವೇ ಅವಳು ಎರಡು ವರ್ಷದಿಂದ ನೋಡದ ತಂಗಿಯ ಮನೆಗೆ, ಅಲ್ಲಿಂದ ಮಾರುಕಟ್ಟೆಗೆ, ಅಲ್ಲಿಂದ ಸಂಜೆ ದೇವಸ್ಥಾನಕ್ಕೆ ಒಂದೇ ದಿನ ಹೋಗಿ ಬಂದಳು. ಇದೊಂದೇ ಲಾಭಕ್ಕೆ ಕೊಟ್ಟ ಹಣ ಸಂದಿತೆಂದು ಆ ದಿನ ನನಗನಿಸಿತು, ಈಗಲೂ ಅನಿಸುತ್ತದೆ. ಮೊಣಕಾಲಿನ ನೋವಿರುವವರ ಮನೆಯಲ್ಲಿ ಕಾರು ಆರಿಸುವಾಗ ಅಶ್ವಶಕ್ತಿಯ ಲೆಕ್ಕವನ್ನು ಬದಿಗಿಟ್ಟು ಮೊದಲು ಈ ಲೆಕ್ಕ ನೋಡಬೇಕು.

ಆದರೆ ಎಂಬತ್ತೆಂಟು ವರ್ಷದ ನನ್ನ ತಾಯಿಗೆ ಇದೇ ಆಸನ ಅಟ್ಟವಾಯಿತು. ಅವರು ಐದಡಿಗೂ ಕಡಮೆ. ಅವರಿಗಾಗಿ ಊಟದ ಮಣೆಗಿಂತ ತುಸು ಎತ್ತರದ ಮರದ ಕಾಲ್ಮಣೆಯೊಂದನ್ನು ಮಾಡಿಸಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ. "ಲಾರಿ ಹತ್ತಿಸುತ್ತೀಯಲ್ಲೋ" ಎಂದು ಪ್ರತಿ ಸಲ ಹೇಳುತ್ತಲೇ ಹತ್ತುತ್ತಾರೆ. ಒಂದೇ ಎತ್ತರ ಒಬ್ಬರಿಗೆ ಉಪಕಾರ, ಇನ್ನೊಬ್ಬರಿಗೆ ಉಪದ್ರವ. ಆದ್ದರಿಂದ ಕಾರು ನೋಡಲು ಹೋಗುವಾಗ ಮನೆಯ ಹಿರಿಯರನ್ನು ಬಿಟ್ಟು ಹೋಗಬಾರದು.

ಎರಡನೆಯ ಲಾಭ ತಳದ ಅಂತರ. ಊರಿನ ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ, ಡಾಂಬರು ಬಿಟ್ಟು ಒಂದು ಮೈಲು ಒಳಗೆ. ಮಣ್ಣಿನ ದಾರಿ, ಎರಡು ಚಕ್ರದ ಜಾಡುಗಳ ನಡುವೆ ಹುಲ್ಲು ಬೆಳೆದ ದಿಬ್ಬ. ಹಳೆಯ ಕಾರಿನ ತಳ ಮಳೆಗಾಲ ಕಳೆದ ಮೇಲೆ ಆ ದಿಬ್ಬಕ್ಕೆ ಉಜ್ಜುತ್ತಿತ್ತು. ಕುತೂಹಲಕ್ಕೆಂದು ಅಂಕಿಗಳನ್ನು ನೋಡಿದರೆ ಮಾರುತಿ 800ರ ತಳದ ಅಂತರ 170 ಮಿಲಿಮೀಟರು; ಈಗಿನ ಕಾಂಪ್ಯಾಕ್ಟ್ ಎಸ್‌ಯುವಿಗಳದ್ದು ಸಾಮಾನ್ಯವಾಗಿ 190ರಿಂದ 210ರೊಳಗೆ. ಹೆಚ್ಚಾದದ್ದು ಎರಡು ಬೆರಳಿನಗಲ ಮಾತ್ರ! ಹಾಗಾದರೆ ವ್ಯತ್ಯಾಸ ಅಷ್ಟೊಂದು ಏಕೆ ತಿಳಿಯುತ್ತದೆ? ಮುಖ್ಯ ಕಾರಣ ಚಕ್ರ. ಹಳೆಯದರ ಗಾಲಿ 12 ಅಂಗುಲದ್ದು, ಹೊಸದರದ್ದು 16. ದೊಡ್ಡ ವೃತ್ತ ಗುಂಡಿಯೊಳಗೆ ಕಡಮೆ ಇಳಿಯುತ್ತದೆ, ಅಂಚನ್ನು ಸಲೀಸಾಗಿ ಏರುತ್ತದೆ. ಎತ್ತಿನ ಗಾಡಿಯ ಚಕ್ರ ಆಳೆತ್ತರವಿರುವುದೇಕೆಂದು ಮಕ್ಕಳಿಗೆ ನಾನು ಹೇಳುತ್ತಿದ್ದುದೂ ಇದನ್ನೇ. ಜೊತೆಗೆ ನಾಲ್ವರು ಕುಳಿತರೆ ಹಳೆಯ ಕಾರು ಹಿಂದಕ್ಕೆ ಕುಸಿಯುತ್ತಿತ್ತು, ಇದು ಹಾಗೆ ಕುಸಿಯುವುದಿಲ್ಲ.

ಹಾಗೆಂದು ಇದನ್ನು ಜೀಪು ಎಂದು ತಿಳಿದರೆ ಕೆಟ್ಟೆವು. ಥಾರ್, ಜಿಮ್ನಿಗಳಂಥ ಕೆಲವನ್ನು ಬಿಟ್ಟರೆ ನಾಲ್ಕು ಮೀಟರಿನೊಳಗಿನ ಈ ವಾಹನಗಳಲ್ಲಿ ಹೆಚ್ಚಿನವಕ್ಕೆ ಶಕ್ತಿ ಸಿಕ್ಕುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಮೊದಲ ಮಳೆಗಾಲದಲ್ಲೇ ನನಗೆ ಈ ಪಾಠವಾಯಿತು. ಗದ್ದೆಯ ಬದಿಯ ಇಳಿಜಾರಿನಲ್ಲಿ ಕೆಸರಿಗೆ ಇಳಿಸಿದೆ. ಮುಂದಿನ ಚಕ್ರಗಳು ಗಿರ್ರನೆ ತಿರುಗಿ ಗುಂಡಿ ತೋಡಿಕೊಂಡವೇ ಹೊರತು ಕಾರು ಒಂದಡಿಯೂ ಚಲಿಸಲಿಲ್ಲ. ಪಕ್ಕದ ಮನೆಯವರು ನಾಲ್ಕು ಜನ ಬಂದು ಅಡಿಕೆ ಸೋಗೆ ಹಾಸಿ ತಳ್ಳಿದರು. ಅವರಲ್ಲೊಬ್ಬರು, ಮುಖದ ಕೆಸರು ಒರೆಸಿಕೊಳ್ಳುತ್ತ, "ಮೇಷ್ಟ್ರೇ, ನಿಮ್ಮ ಹಳೇ ಡಬ್ಬಿಯಾದರೆ ಇಬ್ಬರೇ ಎತ್ತಿಬಿಡ್ತಿದ್ವಿ" ಎಂದರು. ಸತ್ಯವೇ. ಅದು ಆರೂವರೆ ಕ್ವಿಂಟಾಲು, ಇದು ಹನ್ನೊಂದು-ಹನ್ನೆರಡು ಕ್ವಿಂಟಾಲು. ನೋಟ ಜೀಪಿನದು, ಕಾಲು ಕಾರಿನದು.

ಇಂಜಿನ್ನಿನ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ. ತೆರಿಗೆಯ ಮಿತಿಯಿಂದಾಗಿ ಇವುಗಳಲ್ಲಿ ಅನೇಕ ಪೆಟ್ರೋಲ್ ಕಾರುಗಳಿಗೆ 1200 ಸಿ.ಸಿ. ಒಳಗಿನ ಮೂರು ಸಿಲಿಂಡರಿನ ಇಂಜಿನ್ನು, ಅದಕ್ಕೊಂದು ಟರ್ಬೊ. ಹೊಗೆಯ ಒತ್ತಡದಿಂದ ತಿರುಗುವ ಪಂಖ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಆದರೆ ಇಂಜಿನ್ನು ನಿಧಾನವಾಗಿ ತಿರುಗುವಾಗ ಹೊಗೆಯೂ ಕಡಮೆ, ಗಾಳಿಯೂ ಕಡಮೆ. ಹೆದ್ದಾರಿಯಲ್ಲಿ ಇದು ಲಗುಬಗೆಯಿಂದ ಓಡುತ್ತದೆ. ಮಗಳನ್ನು ನೋಡಲು ಉಡುಪಿಗೆ ಹೋಗಿ ಹಿಂದಿರುಗುವಾಗ ಆಗುಂಬೆ ಘಾಟಿಯ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಮಾತ್ರ ಅದರ ನಿಜ ಗಾತ್ರ ತಿಳಿಯುತ್ತದೆ. ತಿರುವಿನಲ್ಲಿ ವೇಗ ತಗ್ಗಿದೊಡನೆ ಎರಡನೆಯ ಗೇರಿನಲ್ಲಿ ಒಂದು ಕ್ಷಣ ಸತ್ತಂತಾಗುತ್ತದೆ, ಹಿಂದಿನಿಂದ ಬಸ್ಸು ಹಾರನ್ ಹೊಡೆಯುತ್ತದೆ, ಮೊದಲನೆಯ ಗೇರಿಗೆ ಇಳಿಯಬೇಕಾಗುತ್ತದೆ. ರೂಢಿಯಾದರೆ ಕಷ್ಟವಲ್ಲ. ಇಂಧನದ ಮಾತು ಹೇಳುವುದಾದರೆ ನನ್ನದು ಊರೊಳಗೆ ಲೀಟರಿಗೆ 12, ದೂರದ ಪ್ರಯಾಣದಲ್ಲಿ 16 ಕಿಲೋಮೀಟರು. ಮಗ ಓಡಿಸಿದರೆ ಇಷ್ಟೂ ಇಲ್ಲ. ಡಿಕ್ಕಿ ಇಬ್ಬರ ವಾರದ ಪ್ರಯಾಣಕ್ಕೆ ಸಾಕು, ಐವರದ್ದಕ್ಕೆ ಸಾಲದು. ಹಿಂದಿನ ಆಸನದಲ್ಲಿ ಮೂವರು ದೊಡ್ಡವರು ಕುಳಿತರೆ ನಡುವಿನವರಿಗೆ ಇಳಿಯುವ ಊರು ಬೇಗ ಬರಲೆಂಬ ಪ್ರಾರ್ಥನೆಯೊಂದೇ ಉಳಿಯುವುದು. ನಾಲ್ಕು ಮೀಟರಿನೊಳಗೆ ಎಲ್ಲವನ್ನೂ ಅಡಗಿಸುವಾಗ ಯಾವುದಾದರೂ ಒಂದು ಸೊರಗಲೇಬೇಕು.

ಈಗ ಸುರಕ್ಷತೆಯ ವಿಷಯ. ಇಲ್ಲಿ ನಾನು ಅವಸರ ಮಾಡಲಾರೆ.

2014ರ ಆರಂಭದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳನ್ನು ಗಾಳಿಚೀಲಗಳಿಲ್ಲದ ಮಾದರಿಗಳಲ್ಲಿ ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ. ಆ ಚಿತ್ರಗಳನ್ನು ಕಂಡ ದಿನ ನಮ್ಮ 800ರ ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿದ್ದು ನೆನಪಿದೆ. ಅಲ್ಲಿಂದ ಮುಂದೆ ನಡೆದದ್ದು ಸಣ್ಣ ಸಾಧನೆಯಲ್ಲ. 2018ರಲ್ಲಿ ಅದೇ ಪರೀಕ್ಷೆಯಲ್ಲಿ ವಿಟಾರಾ ಬ್ರೆಜಾ ನಾಲ್ಕು ನಕ್ಷತ್ರ ಪಡೆಯಿತು. ಆ ವರ್ಷದ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಐದೂ ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾಯಿತು. 2023ರಲ್ಲಿ ನಮ್ಮದೇ ಆದ ಭಾರತ್ ಎನ್‌ಕ್ಯಾಪ್ ಆರಂಭವಾಯಿತು. ಒಳಗೆ ಕುಳಿತವರ ದೃಷ್ಟಿಯಿಂದ ನನ್ನ ಹಳೆಯ ಕಾರಿಗೂ ಈಗಿನದಕ್ಕೂ ಹೋಲಿಕೆಯೇ ಸಲ್ಲದು. ಹಳೆಯ ಕಾರಿನ ಮೇಲಿನ ಪ್ರೀತಿಗೆ ಈ ಸತ್ಯವನ್ನು ಮುಚ್ಚಿಡಲಾಗದು.

ಎತ್ತರದ ಕಾರಿಗೆ ಗುರುತ್ವಕೇಂದ್ರವೂ ಎತ್ತರದಲ್ಲಿರುವುದರಿಂದ ತಿರುವಿನಲ್ಲಿ ವಾಲುವುದು ಹೆಚ್ಚು. ಎರಡು ಅಂತಸ್ತಿನ ಬಸ್ಸಿನ ಮೇಲಂತಸ್ತಿನಲ್ಲಿ ನಿಂತು ಪ್ರಯಾಣಿಸಲು ಏಕೆ ಬಿಡುವುದಿಲ್ಲ ಎಂಬ ಪ್ರಶ್ನೆಯನ್ನು ಎಷ್ಟು ವರ್ಷ ಕೇಳಿದ್ದೇನೋ! ಈಗ ಜಾರಿಕೆ ತಡೆಯುವ ವಿದ್ಯುನ್ಮಾನ ವ್ಯವಸ್ಥೆ ಅನೇಕ ಕಾರುಗಳಲ್ಲಿ ಬಂದಿದೆ, ಒಳ್ಳೆಯದೇ. ನನ್ನ ಮಾತು ಅದರ ಬಗೆಗಲ್ಲ. ಈ ನಕ್ಷತ್ರಗಳೆಲ್ಲ ಮುಖ್ಯವಾಗಿ ಗಾಜಿನ ಒಳಗಿರುವವರ ಕ್ಷೇಮ ಸಮಾಚಾರ. ಗಾಜಿನ ಹೊರಗಿರುವವರ ಮಾತೇನು?

2023ರ ಜೂನ್ ತಿಂಗಳು, ಶಾಲೆಗಳು ತೆರೆದ ಎರಡನೆಯ ವಾರ. ಬೆಳಗ್ಗೆ ಎಂಟೂವರೆ. ನಮ್ಮ ಗೇಟಿನ ಮುಂದೆಯೇ ಮಕ್ಕಳು ಶಾಲೆಯ ವ್ಯಾನಿಗೆ ಕಾಯುತ್ತಾರೆ. ಕಾರನ್ನು ರಸ್ತೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಕುಳಿತೆ, ಚಾಲೂ ಮಾಡಿದೆ, ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ. ಎತ್ತರದ ಆಸನದ ಸುಖವೆಂದರೆ ಬೀದಿಯ ಕೊನೆಯ ತಿರುವಿನಲ್ಲಿರುವ ಹಾಲಿನವನೂ ಕಾಣುತ್ತಾನೆ. ರಸ್ತೆ ನಿರ್ಮಲವಾಗಿತ್ತು. ಕ್ಲಚ್ ಬಿಡತೊಡಗಿದೆ. ಕಾರು ಒಂದು ಗೇಣು ಸರಿದಿರಬಹುದು, ಗೇಟಿನ ಬಳಿ ನಿಂತಿದ್ದ ಹೆಂಡತಿ ಬಾನೆಟ್ಟಿನ ಮೇಲೆ ಎರಡೂ ಕೈಗಳಿಂದ ದಬದಬನೆ ಬಡಿದಳು. ಅವಳು ಹಾಗೆ ಓಡಿಬಂದುದನ್ನು ನಾನು ಹತ್ತು ವರ್ಷದಿಂದ ನೋಡಿರಲಿಲ್ಲ.

ಇಳಿದು ನೋಡಿದೆ. ಕಾರಿನ ಮುಂದೆ ಎರಡಡಿ ದೂರದಲ್ಲಿ ಒಂದನೆಯ ತರಗತಿಯ ಹುಡುಗಿಯೊಬ್ಬಳು ಕುಕ್ಕರುಗಾಲಿನಲ್ಲಿ ಕುಳಿತು, ಚೆಲ್ಲಿಹೋದ ಬಣ್ಣದ ಪೆನ್ಸಿಲುಗಳನ್ನು ಆರಿಸಿಕೊಳ್ಳುತ್ತಿದ್ದಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿ, "ತಾತಾ, ಕೆಂಪುದು ನಿಮ್ಮ ಕಾರಿನ ಕೆಳಗೆ ಹೋಯಿತು" ಎಂದಳು. ನಾನು ಬಗ್ಗಿ ತೆಗೆದುಕೊಟ್ಟೆ. ನನ್ನ ಕೈ ನಡುಗುತ್ತಿದ್ದುದನ್ನು ಕಂಡು, ಪಾಪ, ಮುದುಕರಿಗೆ ಹೀಗೇ ಎಂದುಕೊಂಡಿರಬೇಕು. ವ್ಯಾನು ಬಂತು, ಹತ್ತಿ ಹೋದಳು.

ಮೂವತ್ತಮೂರು ವರ್ಷ ಮಕ್ಕಳ ನಡುವೆ ಬದುಕಿದವನು ನಾನು. ಆ ದಿನ ಕಾರನ್ನು ಮತ್ತೆ ಮುಟ್ಟಲಿಲ್ಲ. ಇಡೀ ರಾತ್ರಿ ಒಂದೇ ಪ್ರಶ್ನೆ ಕಾಡಿತು: ನನ್ನ ಕಣ್ಣು ಮಂಜಾಯಿತೇ, ಅಥವಾ ಅಲ್ಲಿ ಅವಳು ಕಾಣುವುದು ಅಸಾಧ್ಯವೇ?

ಮರುದಿನ ಅಳತೆಪಟ್ಟಿ, ಸುಣ್ಣದ ಕಡ್ಡಿ ತೆಗೆದುಕೊಂಡು ಅಂಗಳಕ್ಕಿಳಿದೆ. ಚಾಲಕನ ಆಸನದಲ್ಲಿ ಕುಳಿತಾಗ ನನ್ನ ಕಣ್ಣು ನೆಲದಿಂದ 140 ಸೆಂಟಿಮೀಟರು ಎತ್ತರ. ಬಾನೆಟ್ಟಿನ ಮುಂದಂಚು ನೆಲದಿಂದ 100. ಕಣ್ಣಿನಿಂದ ಆ ಅಂಚಿಗೆ ಅಡ್ಡದೂರ 180. ಇಷ್ಟು ಸಿಕ್ಕಿದ ಮೇಲೆ ಉಳಿದದ್ದು ಸಮರೂಪ ತ್ರಿಭುಜಗಳ ಲೆಕ್ಕ, ಒಂಬತ್ತನೆಯ ತರಗತಿಯವರೂ ಮಾಡಿಯಾರು. ನೋಟದ ರೇಖೆ ನೆಲವನ್ನು ಮುಟ್ಟುವುದು ಬಾನೆಟ್ಟಿನ ಅಂಚಿನಿಂದ 450 ಸೆಂಟಿಮೀಟರು ಆಚೆ. ಅಂದರೆ ಕಾರಿನ ಮುಂದೆ ನಾಲ್ಕೂವರೆ ಮೀಟರು ನೆಲ ನನಗೆ ಕಾಣುವುದಿಲ್ಲ. ಕಾರಿನ ಉದ್ದವೇ ನಾಲ್ಕು ಮೀಟರಿಲ್ಲ. ತನ್ನ ಉದ್ದಕ್ಕಿಂತ ಹೆಚ್ಚಿನ ನೆಲವನ್ನು ಅದು ನನ್ನಿಂದ ಮರೆಮಾಡುತ್ತದೆ. ಆ ಹುಡುಗಿ ಕುಳಿತಿದ್ದ ಎರಡಡಿ ದೂರದಲ್ಲಿ 87 ಸೆಂಟಿಮೀಟರಿಗಿಂತ ಕೆಳಗಿರುವುದೆಲ್ಲ ಅದೃಶ್ಯ. ಆ ವಯಸ್ಸಿನ ಮೊಮ್ಮಗನನ್ನು ಕುಕ್ಕರುಗಾಲಿನಲ್ಲಿ ಕೂರಿಸಿ ಅಳೆದೆ: 70.

ಪಕ್ಕದ ಬೀದಿಯಲ್ಲಿ ಒಬ್ಬರ ಬಳಿ ಇನ್ನೂ 800 ಇದೆ. ಅವರ ಅನುಮತಿ ಪಡೆದು ಅದನ್ನೂ ಅಳೆದೆ. ಕಣ್ಣು 110, ಬಾನೆಟ್ಟಿನ ಅಂಚು 75, ಅಡ್ಡದೂರ 165. ಮರೆಯಾಗುವ ನೆಲ ಮೂರೂವರೆ ಮೀಟರು. ಎರಡಡಿ ದೂರದಲ್ಲಿ ಮರೆಯಾಗುವ ಎತ್ತರ 62 ಸೆಂಟಿಮೀಟರು. ಅಂದರೆ ನನ್ನ ಹಳೆಯ ಕಾರಿನಲ್ಲಿ ಕುಳಿತಿದ್ದರೆ ಆ ಹುಡುಗಿಯ ತಲೆಯ ಮೇಲಿನ ಎಂಟು ಸೆಂಟಿಮೀಟರು, ಅಂದರೆ ಕೂದಲಿಗೆ ಕಟ್ಟಿದ್ದ ರಿಬ್ಬನ್ನು, ನನಗೆ ಕಾಣುತ್ತಿತ್ತು.

ಪುಸ್ತಕ ನೋಡಿ ಬರೆದ ಲೆಕ್ಕವಲ್ಲ ಇದು. ನಿಮ್ಮ ಕಾರನ್ನೂ ನೀವೇ ಅಳೆಯಬಹುದು, ಅಂಕಿಗಳು ಅಷ್ಟಿಷ್ಟು ಬೇರೆಯಾಗುತ್ತವೆ. ಮಾರಾಟ ಮಳಿಗೆಯಲ್ಲಿ "ಎತ್ತರದಿಂದ ರಸ್ತೆಯೆಲ್ಲ ಕಾಣುತ್ತದೆ ಸಾರ್" ಎಂದು ಹೇಳಿದ ಹುಡುಗ ಸುಳ್ಳು ಹೇಳಲಿಲ್ಲ. ದೂರದ್ದು ಕಾಣುತ್ತದೆ. ಹತ್ತಿರದ್ದು ಕಾಣುವುದಿಲ್ಲ ಎಂಬುದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಪಾದಚಾರಿಗಳು 32,825, ದ್ವಿಚಕ್ರ ವಾಹನದವರು 74,897. ಈ ಸಾವುಗಳಿಗೆಲ್ಲ ಎತ್ತರದ ಕಾರು ಕಾರಣವೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಅನ್ಯಾಯ. ಆದರೆ ನಮ್ಮ ರಸ್ತೆಗಳಲ್ಲಿ ಸಾಯುವವರಲ್ಲಿ ಹೆಚ್ಚಿನವರು ಕಾರಿನ ಹೊರಗಿರುವವರು ಎಂಬುದು ಆ ಅಂಕಿಗಳಿಂದ ಸ್ಪಷ್ಟ. ಅಂಥ ದೇಶದಲ್ಲಿ ಕಾರಿನ ಮೂತಿ ವರ್ಷವರ್ಷಕ್ಕೂ ಎತ್ತರವಾಗುತ್ತಿದ್ದರೆ ಒಬ್ಬ ಭೌತಶಾಸ್ತ್ರದ ಮೇಷ್ಟ್ರಾಗಿ ನನಗೆ ಕಳವಳವಾಗುತ್ತದೆ.

ಕಾನೂನಿನ ಒಂದು ವಿಚಿತ್ರವನ್ನೂ ಹೇಳಬೇಕು. 2019ರ ಜುಲೈ ಒಂದರಿಂದ ಎಲ್ಲ ಹೊಸ ಕಾರುಗಳಿಗೂ ಹಿಂದಕ್ಕೆ ಸರಿಯುವಾಗ ಎಚ್ಚರಿಸುವ ಸಂವೇದಕ ಕಡ್ಡಾಯವಾಯಿತು. ಹಿಂದಿನ ಗೋಡೆಗೆ ಒಂದಡಿ ಇರುವಾಗಲೇ ನನ್ನ ಕಾರು ಕಿರುಚುತ್ತದೆ. ಮುಂದೆ ಕುಳಿತ ಮಗುವಿಗೆ ಅದು ಮೌನ. ದುಬಾರಿ ಮಾದರಿಗಳಲ್ಲಿ ಸುತ್ತಲೂ ತೋರಿಸುವ ಕ್ಯಾಮೆರಾ ಬರುತ್ತದೆ. ಸೂರ್ಯನ ಬೆಳಕು ಒಳಬರಲು ಛಾವಣಿಯಲ್ಲಿ ಗಾಜಿನ ಕಿಟಕಿಯಿಡುವ ಹಣಕ್ಕೆ ಆ ಮುಂದಿನ ಕ್ಯಾಮೆರಾ ಒಂದನ್ನು ಎಲ್ಲ ಮಾದರಿಗಳಿಗೂ ಕೊಡಲಿ ಎಂಬುದು ನನ್ನ ಅಭಿಪ್ರಾಯ. ಮಲೆನಾಡಿನಲ್ಲಿ ಆರು ತಿಂಗಳು ಮಳೆ, ಛಾವಣಿಯ ಕಿಟಕಿಯಿಂದ ನೋಡುವುದೇನಿದೆ?

ಮತ್ತೆ ತೆರಿಗೆಗೇ ಬರುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ಶೇಕಡ 18ಕ್ಕೆ ಇಳಿಯಿತು, ಉಳಿದವಕ್ಕೆ 40. ಸಣ್ಣ ಕಾರಿನ ಅಳತೆಗೋಲು ಮಾತ್ರ 2006ರದ್ದೇ: ನಾಲ್ಕು ಮೀಟರು, ಪೆಟ್ರೋಲಿಗೆ 1200, ಡೀಸೆಲ್ಲಿಗೆ 1500 ಸಿ.ಸಿ. ಹೀಗಾಗಿ 1462 ಸಿ.ಸಿ. ಪೆಟ್ರೋಲ್ ಇಂಜಿನ್ನಿನ ಬ್ರೆಜಾ ನಾಲ್ಕು ಮೀಟರಿನೊಳಗಿದ್ದರೂ 40ರ ಸಾಲಿಗೆ ಸೇರುತ್ತದೆ. ಹೆಚ್ಚುಕಡಮೆ ಅಷ್ಟೇ ಗಾತ್ರದ ಇತರ ಅನೇಕವು 18ರ ಸಾಲಿನಲ್ಲಿ ಕೂರುತ್ತವೆ. ಇಪ್ಪತ್ತು ವರ್ಷವಾದರೂ ನಾವು ಉದ್ದವನ್ನೇ ಅಳೆಯುತ್ತಿದ್ದೇವೆ. ತೂಕವನ್ನೂ ಮೂತಿಯ ಎತ್ತರವನ್ನೂ ಅಳತೆಗೆ ಸೇರಿಸಿದರೆ ಕಾರು ತಯಾರಿಸುವವರ ಬುದ್ಧಿವಂತಿಕೆ ಬೇರೆ ದಿಕ್ಕಿಗೆ ಹರಿದೀತು. 3999ಕ್ಕೆ ಸರಿಯಾಗಿ ಕತ್ತರಿಸಬಲ್ಲವರಿಗೆ ಮೂತಿಯನ್ನು ಹತ್ತು ಸೆಂಟಿಮೀಟರು ತಗ್ಗಿಸುವುದು ಕಷ್ಟವಾಗಲಾರದು.

ಹಾಗಾದರೆ ನೀವು ಅದನ್ನು ಮಾರಿಬಿಟ್ಟಿರಾ ಎಂದು ಕೇಳುವಿರಿ. ಇಲ್ಲ. ಹೆಂಡತಿಯ ಮಂಡಿಗಳು ಹಾಗೆಯೇ ಇವೆ, ಊರಿನ ದಾರಿಯೂ ಹಾಗೆಯೇ ಇದೆ. ನನಗೆ ಈ ಕಾರು ಬೇಕು. ಈಗ ಚಾಲೂ ಮಾಡುವ ಮೊದಲು ಒಂದು ಸುತ್ತು ಬರುತ್ತೇನೆ. ಕಾರನ್ನು ಹಿಮ್ಮುಖವಾಗಿ ಒಳಗೆ ತಂದು ನಿಲ್ಲಿಸುವುದನ್ನು ಬಿಟ್ಟು ನೇರವಾಗಿ ತಂದು ನಿಲ್ಲಿಸುತ್ತೇನೆ. ಹೊರಡುವಾಗ ಹಿಂದಕ್ಕೆ ಸರಿದರೆ ಕನಿಷ್ಠ ಸಂವೇದಕವಾದರೂ ಮಾತಾಡುತ್ತದೆ. ಇದು ಚಾಲನಾ ಶಾಲೆಯವರು ಹೇಳಿಕೊಡುವುದಕ್ಕೆ ವಿರುದ್ಧ ಎಂದು ಮಗ ವಾದಿಸುತ್ತಾನೆ. ಅವನ ಮಾತಿನಲ್ಲೂ ಹುರುಳಿರಬಹುದು. ಆದರೆ ಆ ಕೆಂಪು ಪೆನ್ಸಿಲನ್ನು ಎತ್ತಿದವನು ಅವನಲ್ಲ.

ನನ್ನ ವಿದ್ಯಾರ್ಥಿಗೆ ನನ್ನ ಉತ್ತರ ಇಷ್ಟು. ನಿನ್ನ ಮನೆಯಲ್ಲಿ ತಗ್ಗಿನ ಆಸನದಿಂದ ಏಳಲಾಗದವರಿದ್ದರೆ, ದಿನವೂ ಕೆಟ್ಟ ದಾರಿಯಲ್ಲಿ ಹೋಗುವ ಅನಿವಾರ್ಯತೆಯಿದ್ದರೆ ಕೊಳ್ಳು, ಸಂಕೋಚ ಬೇಡ. ಇವೆರಡೂ ಇಲ್ಲದೆ, ಬ್ಯಾಂಕಿನಿಂದ ಮನೆಗೆ ಮನೆಯಿಂದ ಬ್ಯಾಂಕಿಗೆ ಓಡಾಡುವುದಕ್ಕಾದರೆ ಅದೇ ನಕ್ಷತ್ರಗಳಿರುವ ತಗ್ಗಿನ ಕಾರು ಈಗ ಸಿಗುತ್ತದೆ, ಹಣವೂ ಉಳಿಯುತ್ತದೆ, ಇಂಧನವೂ ಉಳಿಯುತ್ತದೆ. ಬೀದಿಯಲ್ಲಿ ಇತರರಿಗಿಂತ ಎತ್ತರದಲ್ಲಿ ಕೂರಬೇಕೆಂಬ ಆಸೆಗಾಗಿ ಕೊಳ್ಳುವುದಾದರೆ ನನ್ನನ್ನು ಕೇಳಬೇಡ.

ಇದನ್ನು ಫೋನಿನಲ್ಲಿ ಓದಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅಮ್ಮನಿಗೂ ಮಂಡಿ ನೋವು ಸಾರ್" ಎಂದ. ಬರುವ ಭಾನುವಾರ ತಾಯಿಯನ್ನೂ ಯು.ಕೆ.ಜಿ. ಓದುವ ಮಗಳನ್ನೂ ಕರೆದುಕೊಂಡು ಬಾ ಎಂದಿದ್ದೇನೆ. ತಾಯಿ ಆಸನ ಹತ್ತಿ ನೋಡಲಿ, ಮಗಳು ಬಾನೆಟ್ಟಿನ ಮುಂದೆ ಕುಳಿತುಕೊಳ್ಳಲಿ, ಇವನು ಚಾಲಕನ ಸ್ಥಾನದಲ್ಲಿ ಕುಳಿತು ನೋಡಲಿ. ಕೀಲಿಕೈ ನನ್ನ ಜೇಬಿನಲ್ಲೇ ಇರುತ್ತದೆ.